ಕೋಶಪೊರೆಯ ಒಳಗೂ ಹೊರಗೂ: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿಪೂರ್ವ ತರಗತಿಯಲ್ಲಿ ಕೋಶಪೊರೆಯ ಪಾಠ ಒಂದು ವಾರದಲ್ಲಿ ಮುಗಿಯುತ್ತದೆ. ಪ್ರಶ್ನೆಗಳು ಮಾತ್ರ ವರ್ಷಗಟ್ಟಲೆ ಬರುತ್ತಲೇ ಇರುತ್ತವೆ. ವಿದ್ಯಾರ್ಥಿಗಳು, ಅವರ ತಾಯಂದಿರು, ತೋಟ ಮಾಡುವ ನೆಂಟರು, ಹೊಸದಾಗಿ ಕೆಲಸಕ್ಕೆ ಸೇರಿದ ಶುಶ್ರೂಷಕಿಯರು ಮತ್ತೆ ಮತ್ತೆ ಕೇಳಿದವುಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ.

## ಮೊದಲ ಮೆಟ್ಟಿಲು

ಕೋಶಪೊರೆ ಎಂದರೆ ಕೋಶದ ಸುತ್ತ ಇರುವ ಗೋಡೆ ತಾನೇ?

ಅಲ್ಲ. ಗಿಡದ ಕೋಶಕ್ಕೆ ಹೊರಗಡೆ ಸೆಲ್ಯುಲೋಸಿನ ಗಟ್ಟಿ ಭಿತ್ತಿ ಇದೆ, ನಿಜ. ಆದರೆ ನೀರು, ಲವಣ, ಸಕ್ಕರೆ ಎಲ್ಲವೂ ಆ ಭಿತ್ತಿಯ ಎಳೆಗಳ ನಡುವೆ ನುಸುಳಿ ಹೋಗುತ್ತವೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಕೆಲಸ ಭಿತ್ತಿಯ ಒಳಮೈಗೆ ಅಂಟಿಕೊಂಡಿರುವ ಪೊರೆಯದು. ನಮ್ಮ ಕೋಶಗಳಿಗೆ ಭಿತ್ತಿಯೇ ಇಲ್ಲ, ಪೊರೆಯೊಂದೇ ಗತಿ.

ಅದರ ದಪ್ಪ 7ರಿಂದ 8 ನ್ಯಾನೊಮೀಟರ್. ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಹೆಚ್ಚು ಕಡಿಮೆ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪವಾಗುತ್ತದೆ. ಪೊರೆಯಲ್ಲಿರುವ ಮುಖ್ಯ ವಸ್ತು ಫಾಸ್ಫೊಲಿಪಿಡ್ ಎಂಬ ಜಿಡ್ಡು. ಅದರ ತಲೆ ನೀರಿಗೆ ಒಗ್ಗುತ್ತದೆ, ಎರಡು ಬಾಲಗಳು ಒಗ್ಗುವುದಿಲ್ಲ. ಆದ್ದರಿಂದ ಅಣುಗಳು ತಾವಾಗಿಯೇ ಎರಡು ಸಾಲಾಗಿ, ಬಾಲಕ್ಕೆ ಬಾಲ ಒಳಮುಖವಾಗಿ ನಿಲ್ಲುತ್ತವೆ. 1925ರಲ್ಲಿ ಡಚ್ ವಿಜ್ಞಾನಿಗಳಾದ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಜಿಡ್ಡನ್ನು ಬೇರ್ಪಡಿಸಿ ನೀರಿನ ಮೇಲೆ ಹರಡಿದಾಗ, ಅದು ಕಣಗಳ ಮೇಲ್ಮೈಯ ಎರಡರಷ್ಟು ಜಾಗವನ್ನು ಆವರಿಸಿತು. ಪೊರೆ ಎರಡು ಪದರದ್ದು ಎಂಬುದಕ್ಕೆ ಸಿಕ್ಕ ಮೊದಲ ಸುಳಿವು ಅದು. ಈ ಜಿಡ್ಡು ಹೆಪ್ಪುಗಟ್ಟಿಲ್ಲ, ಎಣ್ಣೆಯಂತೆ ಹರಿದಾಡುತ್ತದೆ, ಅದರಲ್ಲಿ ಪ್ರೋಟೀನುಗಳು ತೇಲುತ್ತವೆ ಎಂಬ ಇಂದಿನ ಚಿತ್ರವನ್ನು ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಕೊಟ್ಟರು.

ಅಣು ಚಿಕ್ಕದಾಗಿದ್ದರೆ ಸಾಕು, ಪೊರೆಯನ್ನು ದಾಟಿಬಿಡುತ್ತದೆ ಅಲ್ಲವೇ?

ಗಾತ್ರಕ್ಕಿಂತ ಸ್ವಭಾವ ಮುಖ್ಯ. ಸೋಡಿಯಂ ಅಯಾನು ತೀರಾ ಪುಟ್ಟದು, ಆದರೂ ಜಿಡ್ಡಿನ ನಡುವೆ ದಾಟಲಾರದು. ಅದಕ್ಕಿಂತ ಎಷ್ಟೋ ದೊಡ್ಡದಾದ ಈಸ್ಟ್ರೊಜೆನ್ ಅಥವಾ ಕಾರ್ಟಿಸೋಲ್ ಹಾರ್ಮೋನು ಸಲೀಸಾಗಿ ದಾಟುತ್ತದೆ. ಸೋಡಿಯಂಗೆ ವಿದ್ಯುದಾವೇಶವಿದೆ. ಅದರ ಸುತ್ತ ನೀರಿನ ಅಣುಗಳು ಮುತ್ತಿಕೊಂಡಿರುತ್ತವೆ, ಅವನ್ನು ಕಳಚಿ ಜಿಡ್ಡಿನೊಳಗೆ ಇಳಿಯಲು ಬಹಳ ಶಕ್ತಿ ಬೇಕು. ಹಾರ್ಮೋನು ತಾನೇ ಜಿಡ್ಡಿನ ಜಾತಿಗೆ ಸೇರಿದ್ದು. ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಮದ್ಯಸಾರ ಯಾರ ನೆರವೂ ಇಲ್ಲದೆ ದಾಟುತ್ತವೆ. ಗ್ಲೂಕೋಸ್, ಅಮೈನೊ ಆಮ್ಲ ಮತ್ತು ಎಲ್ಲ ಅಯಾನುಗಳಿಗೂ ಪ್ರೋಟೀನಿನ ದಾರಿ ಬೇಕು.

ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗಬೇಕೆಂದು ಅಣುವಿಗೆ ಹೇಗೆ ಗೊತ್ತಾಗುತ್ತದೆ?

ಗೊತ್ತಾಗುವುದಿಲ್ಲ. ಇದು ನನಗೆ ಬಹಳ ಪ್ರಿಯವಾದ ಪ್ರಶ್ನೆ. ಇದನ್ನು ಕೇಳಿದ ಮಗು ಪಾಠವನ್ನು ಬಾಯಿಪಾಠ ಮಾಡಿಲ್ಲ ಎಂಬುದು ಆಗಲೇ ತಿಳಿದುಹೋಗುತ್ತದೆ.

ಪೊರೆಯ ಎಡಕ್ಕೆ 100 ಅಣುಗಳು, ಬಲಕ್ಕೆ 10 ಅಣುಗಳು ಇವೆ ಎನ್ನೋಣ. ಪ್ರತಿಯೊಂದೂ ಗೊತ್ತುಗುರಿಯಿಲ್ಲದೆ ಅಲೆಯುತ್ತಿದೆ. ಒಂದು ಕ್ಷಣದಲ್ಲಿ ಹತ್ತರಲ್ಲಿ ಒಂದು ಅಣು ಆಕಸ್ಮಿಕವಾಗಿ ಆಚೆ ದಾಟುತ್ತದೆ ಎಂದಿಟ್ಟುಕೊಂಡರೆ, ಎಡದಿಂದ ಬಲಕ್ಕೆ 10 ಹೋಗುತ್ತವೆ, ಬಲದಿಂದ ಎಡಕ್ಕೆ 1 ಬರುತ್ತದೆ. ನಮ್ಮ ಲೆಕ್ಕಕ್ಕೆ 9 ಅಣುಗಳು ಬಲಕ್ಕೆ ಸಾಗಿದಂತೆ ಕಾಣುತ್ತದೆ. ಯಾವ ಅಣುವೂ ದಿಕ್ಕನ್ನು ಆರಿಸಿಕೊಳ್ಳಲಿಲ್ಲ. ಎರಡೂ ಕಡೆ ಸಮವಾದ ಮೇಲೂ ಓಡಾಟ ನಿಲ್ಲುವುದಿಲ್ಲ, ಹೋದಷ್ಟೇ ಬರುತ್ತವೆ. ವಿಸರಣೆ ಎಂದರೆ ಇಷ್ಟೇ. ‘ಕೋಶವು ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಕೋಶ ಆಮ್ಲಜನಕವನ್ನು ಬಳಸಿ ಖರ್ಚು ಮಾಡುತ್ತಲೇ ಇರುವುದರಿಂದ ಒಳಗೆ ಸದಾ ಕೊರತೆ ಇರುತ್ತದೆ, ಆ ಕೊರತೆಯೇ ಸಾಕು.

ಆಮ್ಲಜನಕ ತಾನಾಗಿಯೇ ಒಳಗೆ ಹೋಗುತ್ತದೆ ಎಂದಾದರೆ ಹೃದಯ, ರಕ್ತನಾಳ ಯಾಕೆ ಬೇಕು?

ವಿಸರಣೆ ಹತ್ತಿರಕ್ಕೆ ಮಿಂಚು, ದೂರಕ್ಕೆ ಆಮೆ. ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. ನೀರಿನಲ್ಲಿ ಪುಟ್ಟ ಅಣುವೊಂದು ಒಂದು ಕೋಶದಷ್ಟು ದೂರ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ ಸಾಗಲು ಸೆಕೆಂಡಿನ ನೂರರಲ್ಲಿ ಕೆಲವು ಭಾಗ ಸಾಕು. ಒಂದು ಮಿಲಿಮೀಟರಿಗೆ ಕೆಲವು ನಿಮಿಷಗಳು ಬೇಕು. ಒಂದು ಸೆಂಟಿಮೀಟರಿಗೆ ಅರ್ಧ ದಿನದ ಲೆಕ್ಕ. ಅದಕ್ಕೇ ಕೋಶಗಳು ಚಿಕ್ಕವು, ಅದಕ್ಕೇ ಪ್ರತಿ ಕೋಶದ ಹತ್ತಿರಕ್ಕೂ ಒಂದು ಲೋಮನಾಳ, ಅಂದರೆ ಕೂದಲೆಳೆಯಂಥ ತೆಳು ರಕ್ತನಾಳ.

ಪೊರೆ ಕೆಲಸ ಮಾಡುವುದನ್ನು ಮನೆಯಲ್ಲಿಯೇ ನೋಡಬಹುದೇ?

ಬೀಟ್‌ರೂಟ್ ಹೆಚ್ಚಿ, ಹೋಳುಗಳಿಂದ ಬಣ್ಣ ಬಿಡುವುದು ನಿಲ್ಲುವವರೆಗೆ ತಣ್ಣೀರಿನಲ್ಲಿ ತೊಳೆಯಿರಿ. ಮೊದಲು ಹೋದ ಬಣ್ಣ ಚಾಕು ಸೀಳಿದ ಕೋಶಗಳದು. ಈಗ ಕೆಲವು ಹೋಳುಗಳನ್ನು ತಣ್ಣೀರಿಗೆ, ಕೆಲವನ್ನು ಕುದಿಯುವ ನೀರಿಗೆ ಹಾಕಿ. ತಣ್ಣೀರು ಬಹಳ ಹೊತ್ತು ತಿಳಿಯಾಗಿಯೇ ಇರುತ್ತದೆ, ಬಿಸಿನೀರು ಕೂಡಲೇ ಕೆಂಪಾಗುತ್ತದೆ. ಬಣ್ಣವನ್ನು ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಪೊರೆಗಳು ಶಾಖಕ್ಕೆ ಹಾಳಾದವು.

## ನೀರಿನ ಲೆಕ್ಕ

ಅಭಿಸರಣೆಯಲ್ಲಿ ನೀರು ಕಡಿಮೆ ಸಾರತೆಯಿಂದ ಹೆಚ್ಚು ಸಾರತೆಗೆ ಹೋಗುತ್ತದೆ ಎಂದು ಪುಸ್ತಕದಲ್ಲಿದೆ. ಹಾಗಾದರೆ ಇದು ವಿಸರಣೆಗೆ ಉಲ್ಟಾ ಆಯಿತಲ್ಲ?

ಉಲ್ಟಾ ಅಲ್ಲ. ಪುಸ್ತಕ ಹೇಳುತ್ತಿರುವ ಸಾರತೆ ಉಪ್ಪಿನದು ಅಥವಾ ಸಕ್ಕರೆಯದು, ನೀರಿನದಲ್ಲ. ಉಪ್ಪು ಹೆಚ್ಚಿರುವ ಕಡೆ ನೀರಿಗೆ ಅಷ್ಟರಮಟ್ಟಿಗೆ ಬಿಡುವು ಕಡಿಮೆ. ನೀರು ಬಿಡುವಾಗಿರುವ ಕಡೆಯಿಂದ ಬಿಡುವಿಲ್ಲದ ಕಡೆಗೆ, ಅಂದರೆ ನೀರಿನ ಮಟ್ಟಿಗೆ ಹೆಚ್ಚಿನಿಂದ ಕಡಿಮೆಗೇ ಸಾಗುತ್ತದೆ. ಉಪ್ಪಿಗೆ ಪೊರೆ ದಾಟಲು ಬಿಡದೆ ನೀರಿಗೆ ಮಾತ್ರ ಬಿಟ್ಟಾಗ ಹೀಗಾಗುತ್ತದೆ, ಇದೇ ಅಭಿಸರಣೆ.

ಮಲೆನಾಡಿನ ಮನೆಗಳಲ್ಲಿ ಇದನ್ನು ಪ್ರತಿ ಬೇಸಿಗೆಯಲ್ಲೂ ನೋಡಬಹುದು. ಎಳೆ ಮಾವಿನ ಮಿಡಿಗಳನ್ನು ಭರಣಿಯಲ್ಲಿ ಹರಳುಪ್ಪಿನ ಜೊತೆ ಪದರ ಪದರವಾಗಿ ತುಂಬಿಸುತ್ತಾರೆ. ಒಂದು ಹನಿ ನೀರನ್ನೂ ಹಾಕುವುದಿಲ್ಲ. ಕೆಲವೇ ದಿನಗಳಲ್ಲಿ ಮಿಡಿಗಳು ಸುಕ್ಕುಗಟ್ಟಿ, ಉಪ್ಪುನೀರಿನಲ್ಲಿ ಮುಳುಗಿರುತ್ತವೆ. ಆ ನೀರೆಲ್ಲ ಮಿಡಿಯ ಕೋಶಗಳಿಂದ ಹೊರಬಂದದ್ದು. ಅದೇ ಉಪ್ಪುನೀರಿಗೆ ಬಿದ್ದ ಬ್ಯಾಕ್ಟೀರಿಯಾದ ಒಳಗಿನ ನೀರೂ ಹೊರಟುಹೋಗುತ್ತದೆ, ಆದ್ದರಿಂದ ಮಿಡಿ ಕೊಳೆಯುವುದಿಲ್ಲ.

ಗೊಬ್ಬರ ಸ್ವಲ್ಪ ಜಾಸ್ತಿಯಾಯಿತು, ಸಸಿಗಳು ಸುಟ್ಟಂತಾದವು. ನೀರು ಹಾಕಿದ್ದೆನಲ್ಲ?

ಭರಣಿಯಲ್ಲಿ ಮಿಡಿಗೆ ಆದದ್ದೇ ನಿಮ್ಮ ಸಸಿಯ ಬೇರಿಗೆ ಆಗಿದೆ. ಗೊಬ್ಬರದ ಲವಣ ಕರಗಿ ಮಣ್ಣಿನ ನೀರು ಬೇರಿನ ಕೋಶರಸಕ್ಕಿಂತ ಸಾರವಾದಾಗ, ನೀರಿದ್ದೂ ಬೇರಿಗೆ ಸಿಗುವುದಿಲ್ಲ. ಕೂಡಲೇ ಧಾರಾಳವಾಗಿ ನೀರು ಹಾಯಿಸಿ ಲವಣವನ್ನು ಬೇರಿನ ಕೆಳಕ್ಕೆ ಇಳಿಸುವುದೊಂದೇ ದಾರಿ.

ಡ್ರಿಪ್‌ನಲ್ಲಿ ಉಪ್ಪುನೀರು ಹಾಕುವುದೇಕೆ? ಶುದ್ಧ ನೀರನ್ನೇ ಕೊಡಬಾರದೇ?

ಕೊಟ್ಟರೆ ಅಪಾಯ. ಕೆಂಪು ರಕ್ತಕಣದ ಒಳಗೆ ಕರಗಿದ ವಸ್ತುಗಳಿವೆ, ಹೊರಗೆ ಶುದ್ಧ ನೀರಿದ್ದರೆ ನೀರು ಒಳಕ್ಕೆ ನುಗ್ಗಿ ಕಣ ಊದಿ ಒಡೆಯುತ್ತದೆ. ಲೀಟರಿಗೆ 9 ಗ್ರಾಂ ಉಪ್ಪು ಸೇರಿಸಿದರೆ ಒಳಗೂ ಹೊರಗೂ ಸಾರತೆ ಸಮವಾಗುತ್ತದೆ. ಆಸ್ಪತ್ರೆಯ ಸಲೈನ್ ಬಾಟಲಿಯ ಮೇಲೆ 0.9 ಶೇಕಡಾ ಎಂದಿರುವುದು ಇದನ್ನೇ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಕರಗಿದ ಕಣಗಳ ಸಂಖ್ಯೆಯಲ್ಲಿ ಇದಕ್ಕೆ ಸಮನಾದ ಯೂರಿಯಾ ದ್ರಾವಣದಲ್ಲಿ ರಕ್ತಕಣಗಳನ್ನು ಹಾಕಿದರೆ ಅವು ಒಡೆಯುತ್ತವೆ. ಯೂರಿಯಾ ಪೊರೆಯನ್ನು ದಾಟಿ ಒಳಗೆ ಹೋಗುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಎಷ್ಟು ಕರಗಿದೆ ಎಂಬುದಷ್ಟೇ ಸಾಲದು, ಕರಗಿದ್ದು ದಾಟುತ್ತದೆಯೇ ಎಂಬುದನ್ನೂ ಕೇಳಬೇಕು.

ನೀರಿಗೂ ಬೇರೆ ಬಾಗಿಲು ಇದೆಯಂತೆ, ಹೌದೇ?

ಹೌದು. ನೀರು ಜಿಡ್ಡಿನ ಮೂಲಕವೂ ಅಷ್ಟಿಷ್ಟು ಸೋರುತ್ತದೆ, ಆದರೆ ಮೂತ್ರಪಿಂಡ ಮತ್ತು ಕೆಂಪು ರಕ್ತಕಣಗಳಲ್ಲಿ ಹರಿಯುವ ವೇಗಕ್ಕೆ ಅದು ಸಾಲದು. ಅಮೆರಿಕದ ಪೀಟರ್ ಆಗ್ರೆ ರಕ್ತಕಣದ ಬೇರೊಂದು ಪ್ರೋಟೀನನ್ನು ಹುಡುಕುತ್ತಿದ್ದಾಗ ಅಪರಿಚಿತ ಪ್ರೋಟೀನೊಂದು ಅಡ್ಡ ಸಿಕ್ಕಿತು. ಕಪ್ಪೆಯ ಮೊಟ್ಟೆಗಳು ಕೊಳದ ಸಿಹಿನೀರಿನಲ್ಲಿ ಊದದೆ ಇರಬಲ್ಲವು. ಆಗ್ರೆ ಮತ್ತು ಸಂಗಡಿಗರು ಕಪ್ಪೆಯ ಅಂಡಕೋಶಗಳಲ್ಲಿ ಈ ಪ್ರೋಟೀನು ತಯಾರಾಗುವಂತೆ ಮಾಡಿ, ಅವನ್ನು ತೆಳು ದ್ರಾವಣಕ್ಕೆ ಹಾಕಿದರು. ಅವು ನಿಮಿಷಗಳಲ್ಲಿ ಊದಿ ಒಡೆದವು. 1992ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಆಕ್ವಾಪೊರಿನ್ ಎಂಬ ನೀರಿನ ಬಾಗಿಲಿನ ಪರಿಚಯವಾಯಿತು, 2003ರಲ್ಲಿ ಆಗ್ರೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಒಂದು ಆಕ್ವಾಪೊರಿನ್ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳನ್ನು ಸಾಲಾಗಿ ಬಿಡುತ್ತದೆ. ಬಾಯಾರಿದಾಗ ಮೂತ್ರ ಗಾಢವಾಗುವುದು ಏಕೆಂದರೆ, ವ್ಯಾಸೊಪ್ರೆಸಿನ್ ಹಾರ್ಮೋನು ಮೂತ್ರಪಿಂಡದ ಕೋಶಗಳಲ್ಲಿ ಈ ಬಾಗಿಲುಗಳನ್ನು ಪೊರೆಗೆ ತಂದು ಕೂರಿಸಿ ನೀರನ್ನು ಮರಳಿ ರಕ್ತಕ್ಕೆ ಸೇರಿಸುತ್ತದೆ.

## ಬಾಗಿಲು, ವಾಹಕ, ಪಂಪ್

ಚಾನೆಲ್ ಮತ್ತು ವಾಹಕ ಎರಡೂ ಪ್ರೋಟೀನೇ. ಮತ್ತೆ ವ್ಯತ್ಯಾಸವೇನು?

ಚಾನೆಲ್ ತೆರೆದಾಗ ಆರಪಾರ ದಾರಿ. ಅಯಾನುಗಳು ಸೆಕೆಂಡಿಗೆ ಕೋಟಿಗಟ್ಟಲೆ ಹರಿಯುತ್ತವೆ. ವಾಹಕಕ್ಕೆ ಎರಡು ಬಾಗಿಲು, ಎರಡೂ ಒಮ್ಮೆಲೇ ತೆರೆಯುವುದಿಲ್ಲ. ಅಣು ಒಳಗೆ ಕೂತ ಮೇಲೆ ಪ್ರೋಟೀನು ಮೈ ಮುರಿದು ಆಚೆ ಬಾಗಿಲು ತೆರೆಯುತ್ತದೆ. ಆದ್ದರಿಂದ ಅದರ ವೇಗ ಸೆಕೆಂಡಿಗೆ ನೂರು ಅಥವಾ ಸಾವಿರದ ಲೆಕ್ಕದಲ್ಲಿ, ಮತ್ತು ಎಲ್ಲ ವಾಹಕಗಳೂ ತುಂಬಿದ ಮೇಲೆ ಹೊರಗೆ ಎಷ್ಟೇ ಗ್ಲೂಕೋಸ್ ಸುರಿದರೂ ವೇಗ ಹೆಚ್ಚುವುದಿಲ್ಲ.

ಚಾನೆಲ್ ಬರೀ ತೂತಲ್ಲ. ಪೊಟ್ಯಾಸಿಯಂ ಚಾನೆಲ್ ಪೊಟ್ಯಾಸಿಯಂಗಿಂತ ಚಿಕ್ಕದಾದ ಸೋಡಿಯಂ ಅನ್ನು ಬಿಡುವುದಿಲ್ಲ ಎಂದರೆ ಮಕ್ಕಳು ನಂಬುವುದಿಲ್ಲ. ರಾಡರಿಕ್ ಮೆಕಿನನ್ 1998ರಲ್ಲಿ ಅದರ ರಚನೆಯನ್ನು ತೋರಿಸಿದರು. ದಾರಿಯ ಕಿರಿದಾದ ಭಾಗದಲ್ಲಿ ಸಾಲಾಗಿರುವ ಆಮ್ಲಜನಕದ ಪರಮಾಣುಗಳು, ಪೊಟ್ಯಾಸಿಯಂ ಕಳಚಿಟ್ಟ ನೀರಿನ ಜಾಗವನ್ನು ಅಳತೆಗೆ ಸರಿಯಾಗಿ ತುಂಬುತ್ತವೆ. ಸೋಡಿಯಂ ಆ ಅಳತೆಗೆ ತೀರಾ ಚಿಕ್ಕದು, ಅದಕ್ಕೆ ಆ ಆಸರೆ ಸಿಗುವುದಿಲ್ಲ, ಹಾಗಾಗಿ ತನ್ನ ನೀರನ್ನು ಕಳಚುವುದಿಲ್ಲ.

ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ದಿನವಿಡೀ ಇದನ್ನೇ ಮಾಡಿ ಕೋಶಕ್ಕೆ ಸಿಗುವುದೇನು?

ಬಂಡವಾಳ. ರಕ್ತದ್ರವದಲ್ಲಿ ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಕೋಶದೊಳಗೆ 10ರಿಂದ 15 ಮಾತ್ರ. ಪೊಟ್ಯಾಸಿಯಂ ಇದಕ್ಕೆ ತದ್ವಿರುದ್ಧ, ಒಳಗೆ ಸುಮಾರು 140, ಹೊರಗೆ 4ರ ಆಸುಪಾಸು. ಸುತ್ತಿಗೆ ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತಾ ಈ ಅಂತರವನ್ನು ಕಾಯುವ ಪ್ರೋಟೀನನ್ನು, ಅಂದರೆ ಪಂಪನ್ನು, ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಗುರುತಿಸಿದರು. ಒಂದು ಸುತ್ತಿಗೆ ಒಂದು ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಒಂದು ಅಣು, ಖರ್ಚು. ನಾವು ಸುಮ್ಮನೆ ಮಲಗಿದ್ದಾಗಲೂ ದೇಹದ ಶಕ್ತಿಯ ಸುಮಾರು ಐದನೇ ಒಂದು ಭಾಗ ಈ ಪಂಪಿಗೇ ಹೋಗುತ್ತದೆ.

ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಯಿರಿ. ಕರೆಂಟ್ ಇದ್ದಾಗ ಮೋಟಾರು ನೀರನ್ನು ಮೇಲಕ್ಕೆ ಏರಿಸಿಡುತ್ತದೆ. ಆಮೇಲೆ ಅಡುಗೆಮನೆಯ ನಲ್ಲಿ ತಿರುಗಿಸಿದಾಗ ಕರೆಂಟ್ ಇಲ್ಲದಿದ್ದರೂ ನೀರು ಬೀಳುತ್ತದೆ. ಹೊರಗೆ ಗುಡ್ಡೆ ಹಾಕಿದ ಸೋಡಿಯಂ ಆ ಟ್ಯಾಂಕು. ನರದಲ್ಲಿ ಸಂಕೇತ ಹರಿಯುವುದು, ಗ್ಲೂಕೋಸನ್ನು ಅಮೈನೊ ಆಮ್ಲವನ್ನು ಒಳಗೆ ತರುವುದು, ಕೋಶ ನೀರು ಕುಡಿದು ಒಡೆಯದಂತೆ ಕಾಯುವುದು, ಎಲ್ಲವೂ ಈ ನೀರಿನಿಂದ ನಡೆಯುವ ಕೆಲಸಗಳು.

ಮಗುವಿಗೆ ಭೇದಿಯಾದರೆ ಉಪ್ಪಿನ ಜೊತೆ ಸಕ್ಕರೆಯನ್ನೂ ಹಾಕಿ ಎನ್ನುತ್ತಾರೆ. ರುಚಿಗೇ?

ರುಚಿಗಲ್ಲ. ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ.

ಕರುಳಿನ ಕೋಶದ ಮೇಲ್ಮೈಯಲ್ಲಿ ಎಸ್‌ಜಿಎಲ್‌ಟಿ1 ಎಂಬ ವಾಹಕವಿದೆ. ಅದು ಎರಡು ಸೋಡಿಯಂ ಮತ್ತು ಒಂದು ಗ್ಲೂಕೋಸ್ ಕೂಡಿ ಬಂದರೆ ಮಾತ್ರ ಒಳಗೆ ಬಿಡುತ್ತದೆ. ಹೆಚ್ಚಿರುವ ಹೊರಗಿನಿಂದ ಕಡಿಮೆ ಇರುವ ಒಳಕ್ಕೆ, ಇಳಿಜಾರಿನಲ್ಲಿ ಇಳಿಯುವಂತೆ ಬರುವ ಸೋಡಿಯಂ ಗ್ಲೂಕೋಸನ್ನು ತನ್ನೊಡನೆ ಎಳೆದು ತರುತ್ತದೆ. ವಾಹಕ ತಾನಾಗಿ ಎಟಿಪಿ ಖರ್ಚು ಮಾಡುವುದಿಲ್ಲ, ಕೋಶದ ಇನ್ನೊಂದು ಬದಿಯ ಪಂಪು ಸೋಡಿಯಂ ಅನ್ನು ರಕ್ತದ ಕಡೆಗೆ ತಳ್ಳುತ್ತಾ ಇಳಿಜಾರನ್ನು ಉಳಿಸಿಕೊಡುತ್ತದೆ. ಉಪ್ಪು ಮತ್ತು ಸಕ್ಕರೆ ದಾಟಿದ ಹಿಂದೆಯೇ ನೀರು ಅಭಿಸರಣೆಯಿಂದ ದಾಟುತ್ತದೆ. ಈ ಜೋಡಿ ಸಾಗಣೆಯ ಕಲ್ಪನೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು.

ಕಾಲರಾದ ವಿಷವನ್ನು ಗುರುತಿಸಿದವರು ಕಲ್ಕತ್ತೆಯ ಶಂಭುನಾಥ ಡೇ, 1959ರಲ್ಲಿ. ಆ ವಿಷ ಕರುಳಿನ ಕೋಶದ ಕ್ಲೋರೈಡ್ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. ಕ್ಲೋರೈಡ್ ಹೊರಗೆ ಸುರಿಯುತ್ತದೆ, ಸೋಡಿಯಂ ಹಿಂಬಾಲಿಸುತ್ತದೆ, ನೀರು ಇವೆರಡನ್ನೂ ಹಿಂಬಾಲಿಸುತ್ತದೆ. ಬರೀ ಉಪ್ಪುನೀರು ಕುಡಿಸಿದರೆ ಅದೂ ಹೊರಟುಹೋಗುತ್ತದೆ. ಆದರೆ ಆ ವಿಷ ಎಸ್‌ಜಿಎಲ್‌ಟಿ1ರ ತಂಟೆಗೆ ಹೋಗುವುದಿಲ್ಲ. ಒಂದು ಬಾಗಿಲಿನಿಂದ ನೀರು ಸೋರುತ್ತಿದ್ದರೂ ಇನ್ನೊಂದರಿಂದ ತುಂಬಿಸಬಹುದು, ಅದಕ್ಕೆ ಗ್ಲೂಕೋಸ್ ಜೊತೆಗಿರಬೇಕು ಅಷ್ಟೇ.

1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರಕ್ಕೆ ಬಂದಾಗ ಕಾಲರಾ ಹಬ್ಬಿತು, ಡ್ರಿಪ್ ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸುವಂತೆ ಮಾಡಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಒಂದು ವಾಹಕ ಪ್ರೋಟೀನಿನ ಮೇಲೆ ಇಟ್ಟ ಭರವಸೆ ಅದು. ಪಾಠದಲ್ಲಿ ಈ ಭಾಗ ಬಂದಾಗ ನನ್ನ ದನಿ ಇಂದಿಗೂ ಸ್ವಲ್ಪ ನಡುಗುತ್ತದೆ.

ಹಾಗಾದರೆ ಸಕ್ಕರೆ ಜಾಸ್ತಿ ಹಾಕಿದರೆ ಇನ್ನೂ ಬೇಗ ಗುಣವಾಗಬೇಕಲ್ಲ?

ದಯವಿಟ್ಟು ಹಾಗೆ ಮಾಡಬೇಡಿ. ವಾಹಕಗಳು ತುಂಬಿದ ಮೇಲೆ ಮಿಕ್ಕ ಸಕ್ಕರೆ ಕರುಳಿನಲ್ಲೇ ಉಳಿದು ದೇಹದ ನೀರನ್ನೇ ಹೊರಕ್ಕೆ ಸೆಳೆಯುತ್ತದೆ, ಭೇದಿ ಹೆಚ್ಚುತ್ತದೆ. ತಂಪು ಪಾನೀಯ, ಸಿಹಿ ಜ್ಯೂಸ್ ಕೊಡಬಾರದು ಎನ್ನುವುದೂ ಇದೇ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ, ಭೇದಿಯಾದವರಿಗೆ ಕುಡಿಸುವ ಉಪ್ಪು-ಗ್ಲೂಕೋಸ್ ಮಿಶ್ರಣವಾದ ಓಆರ್‌ಎಸ್‌ ಅನ್ನು ಇನ್ನಷ್ಟು ತೆಳುವಾಗಿಸಿ, ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಲೀಟರಿಗೆ 75 ಮಿಲಿಮೋಲ್‌ಗೆ ಇಳಿಸಿತು. ಪೊಟ್ಟಣವೇ ಉತ್ತಮ. ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು. ಮಗು ಮಂಕಾದರೆ, ಮೂತ್ರ ನಿಂತರೆ, ಕುಡಿದದ್ದೆಲ್ಲ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮ ಅಜ್ಜಿ ಭೇದಿಯಾದವರಿಗೆ ಉಪ್ಪು ಹಾಕಿದ ಅಕ್ಕಿ ಗಂಜಿಯನ್ನು ಕೊಡುತ್ತಿದ್ದರು. ಅದೂ ಸರಿಯೇ. ಗಂಜಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸಾಗಿ ಒಡೆಯುತ್ತದೆ, ಹಾಗಾಗಿ ನೀರನ್ನು ಹೊರಕ್ಕೆ ಸೆಳೆಯುವಷ್ಟು ಸಾರ ಒಮ್ಮೆಲೇ ಆಗುವುದಿಲ್ಲ.

## ಇನ್ನೂ ಆಳಕ್ಕೆ

ಇನ್ಸುಲಿನ್ ಕೋಶದ ಬೀಗ ತೆರೆಯುವ ಕೀಲಿ ಎನ್ನುತ್ತಾರೆ. ಸರಿಯೇ?

ಅರ್ಧ ಸರಿ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಗ್ಲೂಟ್4 ಎಂಬ ವಾಹಕಗಳನ್ನು ಒಳಗೆ ಪುಟ್ಟ ಗುಳ್ಳೆಗಳಲ್ಲಿ ಇಟ್ಟಿರಲಾಗುತ್ತದೆ. ಇನ್ಸುಲಿನ್ ಸಂಕೇತ ಬಂದಾಗ ಆ ಗುಳ್ಳೆಗಳು ಪೊರೆಗೆ ಬಂದು ಸೇರುತ್ತವೆ. ಮುಚ್ಚಿದ್ದ ಬಾಗಿಲು ತೆರೆಯಿತು ಎನ್ನುವುದಕ್ಕಿಂತ, ಉಗ್ರಾಣದಲ್ಲಿದ್ದ ಬಾಗಿಲುಗಳನ್ನು ತಂದು ಕೂರಿಸಿದರು ಎನ್ನಬೇಕು. ಸ್ನಾಯು ದುಡಿದಾಗ ಇನ್ಸುಲಿನ್ ಇಲ್ಲದೆಯೂ ಗ್ಲೂಟ್4 ಮೇಲೆ ಬರುತ್ತದೆ. ಮಧುಮೇಹಿಗಳಿಗೆ ನಡಿಗೆ ಹೇಳುವುದರ ಹಿಂದೆ ಈ ಕಾರಣವೂ ಇದೆ. ಮಿದುಳಿನ ಕೋಶ ಮತ್ತು ಕೆಂಪು ರಕ್ತಕಣಗಳು ಗ್ಲೂಕೋಸ್ ಪಡೆಯಲು ಇನ್ಸುಲಿನ್‌ಗೆ ಕಾಯುವುದಿಲ್ಲ.

ಗ್ಯಾಸ್ಟ್ರಿಕ್ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ಏಕೆ ತೆಗೆದುಕೊಳ್ಳಬೇಕು?

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳು ಜಠರದ ಪ್ರೋಟಾನ್ ಪಂಪನ್ನು ನಿಲ್ಲಿಸುತ್ತವೆ. ಆ ಪಂಪು ಆಮ್ಲದ ಅಯಾನುಗಳನ್ನು ಸುಮಾರು ಹತ್ತು ಲಕ್ಷ ಪಟ್ಟು ಏರಿನ ವಿರುದ್ಧ ತಳ್ಳಬಲ್ಲದು. ಊಟದ ಹೊತ್ತಿಗೆ ಪಂಪುಗಳು ಎಚ್ಚರಗೊಳ್ಳುತ್ತವೆ, ಕೆಲಸ ಮಾಡುತ್ತಿರುವ ಪಂಪನ್ನು ಮಾತ್ರ ಈ ಮದ್ದು ಹಿಡಿಯಬಲ್ಲದು. ಅಷ್ಟರಲ್ಲಿ ಮದ್ದು ರಕ್ತಕ್ಕೆ ಸೇರಿರಬೇಕು.

ಸುಗಮ ವಿಸರಣೆಗೂ ಪ್ರೋಟೀನ್ ಬೇಕು, ಸಕ್ರಿಯ ಸಾಗಣೆಗೂ ಬೇಕು. ಪ್ರಯೋಗದಲ್ಲಿ ಹೇಗೆ ಬೇರ್ಪಡಿಸುವುದು?

ಕೋಶದ ಎಟಿಪಿ ತಯಾರಿಕೆಯನ್ನು ಸಯನೈಡ್‌ನಂಥ ವಿಷದಿಂದ ನಿಲ್ಲಿಸಿ ನೋಡುತ್ತಾರೆ. ಪ್ರೋಟೀನಿನ ದಾರಿಯಲ್ಲಿ ತಾನಾಗಿ ಇಳಿಯುವ ಸುಗಮ ವಿಸರಣೆ ಇಳಿಜಾರು ಇರುವವರೆಗೆ ನಡೆಯುತ್ತದೆ, ಎಟಿಪಿ ಖರ್ಚು ಮಾಡಿ ಸಕ್ರಿಯ ಸಾಗಣೆ ನಡೆಸುವ ಪಂಪು ನಿಲ್ಲುತ್ತದೆ. ಜೋಡಿ ಸಾಗಣೆ ಮಾತ್ರ ಮೋಸಗೊಳಿಸುತ್ತದೆ. ಅದು ಕೂಡಲೇ ನಿಲ್ಲದೆ, ಸೋಡಿಯಂನ ಅಂತರ ಕರಗುತ್ತಾ ಬಂದಂತೆ ಸೊರಗುತ್ತದೆ. ಕರೆಂಟ್ ಹೋದ ಮೇಲೂ ಟ್ಯಾಂಕಿನಲ್ಲಿ ನೀರಿರುವಷ್ಟು ಹೊತ್ತು ನಲ್ಲಿ ಸುರಿಯುವುದಿಲ್ಲವೇ, ಹಾಗೆ.

ಬಾಗಿಲಿಗೆ ಹಿಡಿಸದಷ್ಟು ದೊಡ್ಡ ವಸ್ತುಗಳು ಹೇಗೆ ಒಳಗೆ ಬರುತ್ತವೆ?

ಪೊರೆಯೇ ಒಳಕ್ಕೆ ಬಾಗಿ, ವಸ್ತುವನ್ನು ಸುತ್ತಿಕೊಂಡು, ಗುಳ್ಳೆಯಾಗಿ ಕಳಚಿಕೊಳ್ಳುತ್ತದೆ. ಬಿಳಿ ರಕ್ತಕಣ ಬ್ಯಾಕ್ಟೀರಿಯಾವನ್ನು ನುಂಗುವುದು ಹೀಗೆಯೇ. ಕೊಲೆಸ್ಟರಾಲ್ ಹೊತ್ತ ಎಲ್‌ಡಿಎಲ್ ಕಣಗಳಿಗೆ ಪೊರೆಯ ಮೇಲೆ ಪ್ರತ್ಯೇಕ ಗ್ರಾಹಿಗಳಿವೆ, ಅಂದರೆ ಅವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು. ಆ ಗ್ರಾಹಿಯ ಜೀನ್ ಕೆಟ್ಟ ಮನೆತನಗಳಲ್ಲಿ ಕೊಲೆಸ್ಟರಾಲ್ ರಕ್ತದಲ್ಲೇ ಉಳಿದು ಎಳೆಯ ವಯಸ್ಸಿನಲ್ಲೇ ಹೃದಯಾಘಾತವಾಗುತ್ತದೆ. ಇದನ್ನು ಬಿಡಿಸಿ ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 1985ರಲ್ಲಿ ನೊಬೆಲ್ ಪಡೆದರು.

ಇಷ್ಟೆಲ್ಲ ಹೇಳುತ್ತೀರಿ, ಒಂದೇ ಒಂದು ಚಾನೆಲ್ ತೆರೆಯುವುದನ್ನು ಯಾರಾದರೂ ಕಂಡಿದ್ದಾರೆಯೇ?

ಕಂಡಿದ್ದಾರೆ, ಕಣ್ಣಿನಿಂದಲ್ಲ, ವಿದ್ಯುತ್ತಿನಿಂದ. ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್ಮನ್ ಕೂದಲಿಗಿಂತ ಎಷ್ಟೋ ಸಣ್ಣ ಬಾಯಿಯ ಗಾಜಿನ ನಳಿಕೆಯನ್ನು ಪೊರೆಗೆ ಒತ್ತಿ ಹಿಡಿದರು. ಆ ಬಾಯಿಯ ಅಡಿಯಲ್ಲಿ ಒಂದೆರಡು ಚಾನೆಲ್ ಮಾತ್ರ ಇರುವಷ್ಟು ಪುಟ್ಟ ಜಾಗ ಸಿಕ್ಕಿತು. 1976ರಲ್ಲಿ ಅವರು ಪ್ರಕಟಿಸಿದ ಗೆರೆಗಳಲ್ಲಿ ವಿದ್ಯುತ್ತು ಆಂಪಿಯರಿನ ಲಕ್ಷ ಕೋಟಿಯಲ್ಲಿ ಕೆಲವೇ ಭಾಗ. ಅಷ್ಟು ಕ್ಷೀಣ ಹರಿವೆಂದರೂ ಸೆಕೆಂಡಿಗೆ ಕೋಟಿಗಟ್ಟಲೆ ಅಯಾನುಗಳು ದಾಟಿದಂತೆ. ಆ ಗೆರೆ ಮೆಲ್ಲಗೆ ಏರಿ ಇಳಿಯುವುದಿಲ್ಲ. ಥಟ್ಟನೆ ಒಂದು ಮೆಟ್ಟಿಲು ಹತ್ತುತ್ತದೆ, ಕೆಲವು ಮಿಲಿಸೆಕೆಂಡು ಅಲ್ಲಿ ನಿಲ್ಲುತ್ತದೆ, ಥಟ್ಟನೆ ಇಳಿಯುತ್ತದೆ. ಒಂದೇ ಒಂದು ಪ್ರೋಟೀನ್ ಅಣು ತೆರೆದು ಮುಚ್ಚಿದ ಗುರುತು ಅದು.